ಮಖಮಲ್ಲಿನ ಮೂಲೆಯಲ್ಲಿ ನಾಲ್ಕು ಕಾಳು

ಮಿಲ್ಲಿನ ಭೋಂಗಾ ಇನ್ನೂ ಕೂಗಿಲ್ಲ. ದಾಂಡೇಲಿಯ ಆ ಓಣಿಯಲ್ಲಿ ಹಾಲಿನವನ ಸೈಕಲ್ಲು ಬಿಟ್ಟರೆ ಬೇರೆ ಸದ್ದಿಲ್ಲ. ಕಾಳಿ ಹೊಳೆಯ ಕಡೆಯಿಂದ ಬಂದ ಮಂಜು ತಗಡಿನ ಸೂರಿನಿಂದ ಹನಿಹನಿಯಾಗಿ ಇಳಿಯುತ್ತಿದೆ. ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು ಅಗ್ನೆಸ್ ಕಡುಗೆಂಪು ಮಖಮಲ್ಲನ್ನು ನೆಲಕ್ಕೆ ಹಾಸಿ ಕತ್ತರಿಸುತ್ತಿದ್ದಾರೆ. ಈ ಕೆಲಸ ಗಾಳಿ ಏಳುವ ಮೊದಲೇ ಮುಗಿಯಬೇಕು. ಕತ್ತರಿ ಆಡಿದಲ್ಲೆಲ್ಲ ಸಣ್ಣ ನವಿರು ಏಳುತ್ತದೆ. ಗಾಳಿ ಬಂದರೆ ಅದು ಅನ್ನದ ಪಾತ್ರೆಗೂ ಹೋಗುತ್ತದೆ, ಗಂಡ ಅಂಕುಶರ ಮೂಗಿಗೂ ಹೋಗುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಅವರ ಗುಂಗುರು ಕೂದಲಿನ ತುಂಬ, ಹುಬ್ಬಿನ ಮೇಲೆಲ್ಲ ಕೆಂಪು ಪುಡಿ ಕೂತಿರುತ್ತದೆ. ಅಂಗಳ ಗುಡಿಸಲು ಬಂದ ಪಕ್ಕದ ಮನೆಯ ಕಾಶೆವ್ವ ಕಸಬರಿಗೆಯನ್ನು ನೆಲಕ್ಕೂರಿ ನಿಲ್ಲುತ್ತಾರೆ.

“ಏನವಾ ಅಗ್ನೆಸ್, ಹೋಳಿ ಹುಣ್ಣಿವಿ ನಿಮ್ಮ ಮನಿಗೆ ದಿನಾ ಬರತೈತೇನು?”

“ನೀ ಬಂದು ಬಣ್ಣ ಹಚ್ಚೂದಿಲ್ಲಲ್ಲ ಕಾಶಕ್ಕ, ಅದಕ್ಕ ನಾನ ಹಚ್ಕೋತೇನಿ.”

“ನನಗ ಹಸರು ಬೇಕವಾ. ಕೆಂಪು ಕಂಡ್ರ ನನ್ನ ಸೊಸಿಗೆ ಸಿಟ್ಟು ಬರತೈತಿ.”

ಒಳಗಿನಿಂದ ಅಂಕುಶ ಜೋರಾಗಿ ಸೀನುತ್ತಾರೆ. “ತಗೋ, ನಮ್ಮ ಮನಿ ಭೋಂಗಾ ಆತು” ಎಂದು ಅಗ್ನೆಸ್ ಕತ್ತರಿ ಕೆಳಗಿಡುತ್ತಾರೆ.

ಅಗ್ನೆಸ್ ಸಿದ್ದಿ ಸಮುದಾಯದವರು. ತವರು ಹಳಿಯಾಳ ತಾಲೂಕಿನ ಕಾಡಂಚಿನ ಒಂದು ಹಳ್ಳಿ. ಮದುವೆಯಾಗಿ ದಾಂಡೇಲಿಗೆ ಬಂದಾಗ ಅಂಕುಶ ಬಿದಿರಿನ ಲಾರಿಗಳಲ್ಲಿ ಹಮಾಲಿ ಮಾಡುತ್ತಿದ್ದರು. ಬೆನ್ನು ಸೋತ ಮೇಲೆ ಮನೆ ಹಿಡಿದರು. ಬೂರುಗದ ಹತ್ತಿಯನ್ನು ಕೋಲಿನಿಂದ ಬಡಿದು ಹಗುರ ಮಾಡಿ ಹೆಂಡತಿ ಹೊಲಿದ ದಿಂಬಿಗೆ ತುಂಬುವುದು ಈಗ ಅವರ ಪಾಲಿನ ಕೆಲಸ. ಇಬ್ಬರೂ ಕೂತರೆ ದಿನಕ್ಕೆ ಐದಾರು ದಿಂಬು ಆಗುತ್ತವೆ. ಜರಿಯ ಅಂಚು, ಮೂಲೆಗೆ ಗೊಂಡೆ, ನಡುವೆ ಒಂದು ಹೂವು. ಕಾಲಲ್ಲಿ ತುಳಿಯುವ ಹಳೆಯ ಮಷಿನ್ನು ಬಾಗಿಲ ಪಕ್ಕದ ಕಿಟಕಿಗೆ ಮುಖಮಾಡಿ ನಿಂತಿದೆ.

ಮಖಮಲ್ಲು ಸುಲಭಕ್ಕೆ ಬಗ್ಗುವ ಬಟ್ಟೆಯಲ್ಲ. ಸೂಜಿಯ ಕೆಳಗೆ ಜಾರುತ್ತದೆ. ಹಾಗಾಗಿ ಅಗ್ನೆಸ್ ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡೇ ಮಷಿನ್ನಿಗೆ ಕೊಡುತ್ತಾರೆ. “ಇದಕ್ಕ ಕೂದಲ ಇರತಾವ್ರಿ, ಬೆಕ್ಕಿನ ಮೈ ಇದ್ದಂಗ. ಹಿಂಗ ಕೈಯಾಡಿಸಿದ್ರ ಮಲಗತಾವ, ಹಂಗ ಆಡಿಸಿದ್ರ ಸೆಟದು ನಿಲ್ತಾವ. ಎರಡು ತುಂಡು ಎದುರುಬದುರು ಕೂಡಿಸಿದ್ರ ಬಣ್ಣ ಒಂದ ಇದ್ರೂ ಎರಡು ಕಾಣತಾವ” ಎನ್ನುತ್ತಾ ಅಂಗೈಯಿಂದ ಬಟ್ಟೆಯನ್ನು ಒಮ್ಮೆ ಸವರುತ್ತಾರೆ. ಕಡುಗೆಂಪು ಕಪ್ಪಾಗುತ್ತದೆ, ಮತ್ತೆ ಕೆಂಪಾಗುತ್ತದೆ.

ಈ ದಿಂಬುಗಳು ಹೋಗುವುದು ಹೆಚ್ಚಾಗಿ ಮದುವೆ ಮನೆಗಳಿಗೆ. ಹಳಿಯಾಳದ ಕಡೆಯ ಮದುವೆಗಳಲ್ಲಿ ಹೆಣ್ಣಿನವರು ರುಖವತ ಇಡುತ್ತಾರೆ. ಮದುಮಗಳು ಕೈಯಾರೆ ಮಾಡಿದ ವಸ್ತುಗಳೆಂದು ಮಂಟಪದ ಪಕ್ಕದಲ್ಲಿ ಸಾಲಾಗಿ ಜೋಡಿಸುತ್ತಾರೆ, ಬೀಗರು ಬಂದು ನೋಡಿ ಮೆಚ್ಚುತ್ತಾರೆ. ಆ ಸಾಲಿನಲ್ಲಿ ಅಗ್ನೆಸ್ ಹೊಲಿದ ದಿಂಬುಗಳೂ ಇರುತ್ತವೆ, ಮದುಮಗಳ ಹೆಸರಿನಲ್ಲಿ. ಬೇಸರವಾಗುವುದಿಲ್ಲವೇ ಎಂದರೆ ನಗುತ್ತಾರೆ. “ಯಾಕ್ ಬ್ಯಾಸರಾ? ಕರೀಲಾರದ ಲಗ್ನಕ್ಕ ನನ್ನ ದಿಂಬು ಹೋಗಿ ಮುಂದಿನ ಸಾಲಿನ್ಯಾಗ ಕುಂತು ಬರತಾವಲ್ರಿ.”

ಮದುವೆಯ ಕಾಲ ಮುಗಿದ ಮೇಲೆ ಹೋಮ್‌ಸ್ಟೇಗಳು. ಕುಳಗಿ ರಸ್ತೆಯಲ್ಲಿ ಹೋಮ್‌ಸ್ಟೇ ನಡೆಸುವ ಸಿದ್ದಲಿಂಗ ಅವರು ಮೊದಲ ಸಲ ದಿಂಬುಗಳನ್ನು ಒಯ್ದಾಗ ನಡೆದದ್ದನ್ನು ಓಣಿಯಲ್ಲಿ ಈಗಲೂ ಹೇಳಿ ನಗುತ್ತಾರೆ. ಒಯ್ದ ನಾಲ್ಕೇ ದಿನಕ್ಕೆ ಅವರ ಫೋನು ಬಂತು.

“ಅಗ್ನೆಸ್‌ಬಾಯಿ, ದಿಂಬಿನ್ಯಾಗ ಏನು ತುಂಬೀರಿ?”

“ಹತ್ತಿರೀ ಸಾವಕಾರ್ರ.”

“ಹತ್ತಿ ತಿನ್ನೂ ಇಲಿ ನಾ ಎಲ್ಲೂ ಕಂಡಿಲ್ಲ. ಎಲ್ಲಾ ದಿಂಬು ಹರದು ಹಾಕ್ಯಾವು. ಒಬ್ಬರು ಗೆಸ್ಟು ದಿಂಬಿನ್ಯಾಗ ದೆವ್ವ ಕರಕರ ಅಂತೈತಿ ಅಂತ ಹೊರಗ ಓಡಿ ಬಂದಾರ.”

“ಒಂದೊಂದು ಹಿಡಿ ಅಕ್ಕಿ ಹಾಕೇನ್ರಿ” ಎಂದರು ಅಗ್ನೆಸ್.

“ಅಕ್ಕಿ? ದಿಂಬಿಗೆ ಯಾಕ್ರಿ ಅಕ್ಕಿ?”

“ಖಾಲಿ ಹೊಟ್ಟಿಲೆ ಹೆಂಗ ಕಳಸೂದ್ರಿ?”

ಬೇರೆ ಯಾವ ದರ್ಜಿಯೂ ಮಾಡಲಾರದ ತಪ್ಪು ಇದು. ಅಗ್ನೆಸ್ ಹೊಲಿಗೆ ಕಲಿತದ್ದು ತಾಯಿಯ ಕೌದಿಯಲ್ಲಿ. ಆ ಕೌದಿಯನ್ನು ನಡುವಿನಿಂದ ಶುರುಮಾಡುವುದಿಲ್ಲ. ಹಳೆಯ ಸೀರೆಯೊಂದನ್ನು ಹಾಸಿ, ಅಂಚಿನಿಂದ ತುಂಡುಗಳನ್ನು ಕೂಡಿಸುತ್ತ, ಸುತ್ತು ಸುತ್ತಾಗಿ ಒಳಕ್ಕೆ ಬರಬೇಕು. ಕೊನೆಗೆ ನಡುವೆ ಉಳಿದ ಜಾಗದಲ್ಲಿ ಅಕ್ಕಿಯ ಕಾಳು ಹಾಕಿ ಮೇಲೆ ಕಡೆಯ ತುಂಡು ಹೊಲಿದು ಮುಚ್ಚಬೇಕು. ಅದು ಕೌದಿಯ ಹೊಟ್ಟೆ ತುಂಬಿಸುವುದು. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಹಸಿವಿನಲ್ಲಿ ಇಡುವುದಿಲ್ಲ ಎಂಬುದು ಆ ತಾಯಿಯ ನಂಬಿಕೆ. ಅವರು ದಾರಕ್ಕೆ ಗಂಟು ಹಾಕುತ್ತಿರಲಿಲ್ಲ. ಗಂಟು ಮಲಗಿದ ಮಗುವಿನ ಕೆನ್ನೆಗೆ ಒತ್ತುತ್ತದೆಂದು ದಾರದ ತುದಿಯನ್ನು ಮೂರು ಸಣ್ಣ ಹೊಲಿಗೆಗಳಲ್ಲಿ ಕವಲು ಮಾಡಿ ಮುಗಿಸುತ್ತಿದ್ದರು. ಮನೆಯಲ್ಲಿ ಅದಕ್ಕೆ ಗುಬ್ಬಿಕಾಲು ಎಂದು ಹೆಸರು. ಸುತ್ತಲಿನ ಹಳ್ಳಿಗಳಲ್ಲಿ ಬೇರೆ ಯಾರ ಕೌದಿಯಲ್ಲೂ ಗುಬ್ಬಿಕಾಲು ಕಂಡಿಲ್ಲ ಎನ್ನುತ್ತಾರೆ ಅಗ್ನೆಸ್. ಅದನ್ನು ಕಲಿತವರು ಇಬ್ಬರೇ. ಅಗ್ನೆಸ್, ಮತ್ತು ತಂಗಿ ರೀಟಾ.

ರೀಟಾಳ ಹೆಸರು ಬಂದಾಗ ಅಗ್ನೆಸ್ ಸೂಜಿಗೆ ದಾರ ಪೋಣಿಸುತ್ತಾರೆ. ದಾರ ಮೊದಲೇ ಪೋಣಿಸಿದ ಇನ್ನೊಂದು ಸೂಜಿ ಅವರ ಸೆರಗಿನಲ್ಲೇ ಇದೆ.

ರೀಟಾ ಚಿಕ್ಕವಯಸ್ಸಿನಲ್ಲೇ ಅನಮೋಡ ಘಟ್ಟ ದಾಟಿ ಗೋವಾಕ್ಕೆ ಮನೆಗೆಲಸಕ್ಕೆ ಹೋದಳು. ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ಬರುತ್ತಿದ್ದಳು. ತಾಯಿ ಅವಳ ಮದುವೆಗೆಂದು ಒಂದು ಕೌದಿ ಹಿಡಿದಿದ್ದರು. ನಡುವೆ ಚಾಪೆಯಷ್ಟು ಜಾಗ ಉಳಿದಿರುವಾಗ, ಒಂದು ಮಳೆಗಾಲದಲ್ಲಿ, ತಾಯಿ ತೀರಿಕೊಂಡರು. ಇಪ್ಪತ್ತು ವರ್ಷಗಳ ಮೇಲಾಯಿತು. ರೀಟಾ ಕೆಲಸಕ್ಕಿದ್ದ ಮನೆಗೆ ಫೋನು ಹಚ್ಚಿದರು, ಯಾರೂ ಎತ್ತಲಿಲ್ಲ. ಲಾರಿಯವರ ಕೈಯಲ್ಲಿ ಸುದ್ದಿ ಕಳಿಸಿದರು. ಮಳೆ ನಿಲ್ಲಲಿಲ್ಲ, ಹಳ್ಳ ಏರುತ್ತಿತ್ತು. ಸ್ಮಶಾನದ ದಾರಿ ಮುಚ್ಚುವ ಮೊದಲೇ ಮಣ್ಣು ಮಾಡಬೇಕೆಂದು ಹಿರಿಯರು ಹೇಳಿದರು. ಅಗ್ನೆಸ್ ಒಪ್ಪಿದರು. ರೀಟಾ ಬಂದಾಗ ಗೋರಿಯ ಮೇಲಿನ ಮಣ್ಣು ಮಳೆಗೆ ಆಗಲೇ ಕುಸಿದಿತ್ತು.

“‘ನನ್ನ ಸಲುವಾಗಿ ಒಂದು ದಿನ ಕಾಯಾಕ ಆಗಲಿಲ್ಲೇನಕ್ಕ?’ ಅಂದ್ಲು. ಅಷ್ಟ. ಗಂಜಿ ಬಡಿಸಿದ್ದೆ, ಮುಟ್ಟಲಿಲ್ಲ. ಛತ್ರಿ ಸುದ್ದಾ ಬಿಟ್ಟು ಆ ಮಳಿಯಾಗ ಹೊಂಟ್ಲು. ಹಸದ ಹೊಟ್ಟಿಲೆ ಹೋದ್ಲ್ರಿ ನನ್ನ ತಂಗಿ.”

ಇಷ್ಟು ಹೇಳಿ ಅಗ್ನೆಸ್ ಈ ಸೂಜಿಯನ್ನೂ ಸೆರಗಿಗೆ ಚುಚ್ಚಿಕೊಳ್ಳುತ್ತಾರೆ. ಒಳಗೆ ಹತ್ತಿ ಬಡಿಯುವ ಸದ್ದು ನಿಂತಿದೆ. ಅದು ನಿಂತದ್ದು ಎಲ್ಲರಿಗೂ ಗೊತ್ತಾಯಿತೆಂದು ತಿಳಿದು ಅಂಕುಶ ಮತ್ತೆ ಬಡಿಯತೊಡಗುತ್ತಾರೆ.

ಅಗ್ನೆಸ್ ಒಮ್ಮೆ ತಂಗಿಯನ್ನು ಹುಡುಕಿಕೊಂಡು ಗೋವಾಕ್ಕೆ ಹೋಗಿದ್ದರು. ಅವಳು ಕೆಲಸಕ್ಕಿದ್ದವರು ಮನೆ ಮಾರಿ ಹೋಗಿದ್ದರು, ರೀಟಾ ಎಲ್ಲಿಗೆ ಹೋದಳೆಂದು ನೆರೆಯವರಿಗೂ ಗೊತ್ತಿರಲಿಲ್ಲ.

ಆ ಕೌದಿ ಈಗ ಟ್ರಂಕಿನ ಮೇಲೆ ಮಡಚಿಟ್ಟಿದೆ. ಬಿಡಿಸಿದರೆ ಕೋಣೆ ಸಾಲದು. ಅಂಚಿನ ಸುತ್ತುಗಳಲ್ಲಿ ತಾಯಿ ಹೊಲಿದ ಹಳೆಯ ಲುಂಗಿ, ಪರಕಾರ, ಶಾಲೆಯ ನೀಲಿ ಲಂಗದ ತುಂಡುಗಳು. ಒಳಕ್ಕೆ ಬಂದಂತೆ ಮಖಮಲ್ಲು: ಕೆಂಪು, ನೇರಳೆ, ನವಿಲು ಬಣ್ಣ. ದಿಂಬು ಕತ್ತರಿಸಿ ಉಳಿದ ಯಾವ ಚೂರನ್ನೂ ಅಗ್ನೆಸ್ ಎಸೆಯುವುದಿಲ್ಲ. ಉದ್ದದ ಪಟ್ಟಿಗಳನ್ನು ಸುತ್ತಿ ಕೊಡ ಹೊರುವ ಸಿಂಬಿ ಮಾಡುತ್ತಾರೆ. ಅಂಗೈಗಿಂತ ಸಣ್ಣ ಚೂರುಗಳಿಂದ ದಿಂಬಿನ ಹೂವು. ಹೂವಿಗೂ ಬಾರದ್ದು ಹತ್ತಿಯ ಜೊತೆ ದಿಂಬಿನೊಳಗೆ ಹೋಗುತ್ತದೆ. ಬಿಸಿ ಪಾತ್ರೆ ಇಳಿಸುವ ಅರಿವೆ ಮಾಡಲು ಹೋಗಿ ಒಮ್ಮೆ ಬೆರಳು ಸುಟ್ಟುಕೊಂಡರು. “ಈಗಿನ ಮಖಮಲ್ಲು ಬೆಂಕಿಗೆ ಬೆಣ್ಣಿ ಕರಗಿದಂಗ ಕರಗತೈತ್ರಿ. ನೋಡಾಕಷ್ಟ ರಾಣಿ.”

ಎಲ್ಲಕ್ಕಿಂತ ಒಳ್ಳೆಯ ಚೂರುಗಳು ಕೌದಿಗೆ. ಪ್ರತಿ ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ತಾಯಿಯ ಗೋರಿಗೆ ಮೇಣದಬತ್ತಿ ಹಚ್ಚಿ ಬಂದು ಅಗ್ನೆಸ್ ಒಂದು ಸುತ್ತು ಹೊಲಿಯುತ್ತಾರೆ. ಸೂಜಿ ಕಾಣದ ಕೌದಿ ಜಾಳಾಗುತ್ತದೆಂದು ತಾಯಿ ಹೇಳುತ್ತಿದ್ದರಂತೆ. ಹೊಲಿಯದಿದ್ದರೆ ಅದಕ್ಕೆ ಹುಳು ಹತ್ತುವ ಚಿಂತೆ, ಹೊಲಿದರೆ ಮುಗಿದೇಬಿಡುವ ಚಿಂತೆ. ಮೊದಮೊದಲು ನಾಲ್ಕು ಬೆರಳಗಲದ ತುಂಡು ಹಚ್ಚುತ್ತಿದ್ದರು, ಆಮೇಲೆ ಎರಡು ಬೆರಳು. ಹೋದ ವರ್ಷ ಕಿರುಬೆರಳಿನಗಲದ ಪಟ್ಟಿ. ಚಾಪೆಯಷ್ಟಿದ್ದ ಜಾಗ ಈಗ ಅಂಗೈಯಷ್ಟು ಉಳಿದಿದೆ. ಇನ್ನೊಂದು ಸುತ್ತು ಹಾಕಿದರೆ ಕಾಳು ಹಾಕಿ ಮುಚ್ಚುವುದೊಂದೇ ಬಾಕಿ. ಅದನ್ನು ರೀಟಾ ಇಲ್ಲದೆ ಮುಚ್ಚಲು ಅಗ್ನೆಸ್‌ಗೆ ಮನಸ್ಸಿಲ್ಲ. “ಅವತ್ತು ನಾ ಕಾಯಲಿಲ್ಲ. ಈಗ ಕಾಯಾಕತ್ತೇನಿ” ಎನ್ನುತ್ತಾರೆ.

ಅಂಕುಶರ ಅಣ್ಣನ ಮಗ ಸೋಮಾ ತರಕಾರಿ ಟೆಂಪೋ ಓಡಿಸುತ್ತಾನೆ, ಅನಮೋಡದ ಚೆಕ್‌ಪೋಸ್ಟ್ ದಾಟಿ ಗೋವಾಕ್ಕೆ. ಮೂರು ವರ್ಷದ ಹಿಂದೆ ಅಲ್ಲಿನ ಗೆಸ್ಟ್‌ಹೌಸಿನವರು ಸಿದ್ದಲಿಂಗರಲ್ಲಿ ದಿಂಬು ನೋಡಿ ತಮಗೂ ಬೇಕೆಂದರು. ಅಂದಿನಿಂದ ಸೋಮಾನ ಟೆಂಪೋದಲ್ಲಿ ಗಂಟುಗಳು ಹೋಗುತ್ತವೆ, ಹೊಲಿಗೆ ಬಿಟ್ಟ ದಿಂಬಿನ ಗೌಸುಗಳು ರಿಪೇರಿಗೆ ಮರಳಿ ಬರುತ್ತವೆ. ಆ ದಿಕ್ಕಿಗೆ ಹೋಗುವ ಗೌಸುಗಳ ಒಳಮೂಲೆಯಲ್ಲಿ ಅಗ್ನೆಸ್ ಮತ್ತೆ ಅಕ್ಕಿ ಇಡತೊಡಗಿದರು. ಈ ಸಲ ಹಿಡಿಯಲ್ಲ, ನಾಲ್ಕು ಕಾಳು. ಇಲಿಗೆ ವಾಸನೆ ಹೋಗದಂತೆ ಬೇವಿನ ಎಲೆಯೊಂದಿಗೆ, ದಪ್ಪ ಬಟ್ಟೆಯ ಪುಟ್ಟ ಚೀಲದಲ್ಲಿ, ಗುಬ್ಬಿಕಾಲು ಹಾಕಿ. “ಸಿದ್ದಲಿಂಗ ಸಾವಕಾರ್ರಿಗೆ ಹೇಳಬ್ಯಾಡ್ರಿ ಮತ್ತ” ಎಂದು ಹೇಳುವಾಗ ಮಾತ್ರ ಅವರ ಮುಖದಲ್ಲಿ ಹುಡುಗಿಯೊಬ್ಬಳು ಕಾಣುತ್ತಾಳೆ.

ಚೌತಿ ಕಳೆದ ಮೇಲೆ ಬಂದ ಗಂಟಿನಲ್ಲಿ ಒಂದು ನೇರಳೆ ಗೌಸು ಇತ್ತು. ಹರಿದ ಅಂಚನ್ನು ಯಾರೋ ಕೈಯಲ್ಲಿ ಹೊಲಿದಿದ್ದರು. ಅಗ್ನೆಸ್ ಅದನ್ನು ತಿರುಗಿಸಿ ಮೂಲೆಯ ಚೀಲ ಒತ್ತಿ ನೋಡಿದರು. ಕಾಳು ದಪ್ಪವಿತ್ತು. ಹೊಲಿಗೆ ಬಿಚ್ಚಿದರು. ಅಂಗೈಗೆ ಬಿದ್ದದ್ದು ತಾವು ಇಟ್ಟ ತೆಳ್ಳನೆಯ ಬಿಳಿ ಅಕ್ಕಿಯಲ್ಲ. ಗೋವಾದ ಜನ ಉಣ್ಣುವ ಕೆಂಪು ಗೆರೆಯ ಕುಚಲಕ್ಕಿ, ನಾಲ್ಕು ಕಾಳು. ಚೀಲವನ್ನು ಯಾರೋ ಮತ್ತೆ ಹೊಲಿದಿದ್ದ ದಾರಕ್ಕೆ ಗಂಟಿರಲಿಲ್ಲ. ಮೂರು ಹೊಲಿಗೆಯ ಕವಲಿತ್ತು.

“ಸೋಮಾ, ಇದನ್ನ ಹೊಲದವರು ಯಾರು?”

“ನನಗೇನು ಗೊತ್ತು ಕಾಕಿ. ಅರಿವಿ ಒಗ್ಯಾಕ ಏಳೆಂಟು ಮಂದಿ ಬಾಯಿಯರು ಬರತಾರ. ಕೇಳ್ಕೊಂಡು ಬರ್ಲೇನು?”

“ಬ್ಯಾಡ. ಕೇಳಿದ್ರ ನಾ ಕರಿಯಾಕ ಕಳಸೀನಿ ಅಂತ ಆಗತೈತಿ. ಆಕಿಗೆ ತಾನ ಬಂದಂಗ ಆಗಬೇಕು.”

ಆ ಕಾಳುಗಳು ಈಗ ಶಿಲುಬೆಯ ಕೆಳಗೆ, ಕುಂಕುಮದ ಭರಣಿಯಂಥ ಸಣ್ಣ ಡಬ್ಬಿಯಲ್ಲಿವೆ. ಕಾಶೆವ್ವ ದಿನಕ್ಕೊಮ್ಮೆ ಬಂದು ಅದನ್ನು ನೋಡಿ ಹೋಗುತ್ತಾರೆ. “ಬಿತ್ತಿದ್ರ ಇಷ್ಟೊತ್ತಿಗೆ ಮೊಳಕಿ ಒಡೀತಿತ್ತಲ್ಲವಾ” ಎಂದು ಅವರು ಹಾಸ್ಯ ಮಾಡಿದರೆ, “ಕುದಿಸಿದ ಅಕ್ಕಿ ಎಲ್ಲಿ ಮೊಳೀತೈತಿ ಕಾಶಕ್ಕ” ಎನ್ನುತ್ತಾರೆ ಅಗ್ನೆಸ್. ಆದರೂ ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ತಾವೂ ನೋಡುತ್ತಾರೆ.

ಭೋಂಗಾ ಕೂಗುತ್ತದೆ. ಮಿಲ್ಲಿನ ಪಾಳಿಗೆ ಹೋಗುವವರ ಸೈಕಲ್ಲುಗಳು ಓಣಿ ದಾಟುತ್ತವೆ. ಅದರ ಹಿಂದೆಯೇ ಸೋಮಾನ ಟೆಂಪೋ. ಇವತ್ತಿನ ಗಂಟಿನ ಮೇಲೆ ಅಗ್ನೆಸ್ ಒಂದು ಗೌಸನ್ನು ಬೇರೆಯಾಗಿ ಇಡುತ್ತಾರೆ. ದಿಂಬಿನ ಗೌಸೇ, ಆದರೆ ಕೌದಿಯ ಹಾಗೆ ಅಂಚಿನಿಂದ ಒಳಕ್ಕೆ, ಸುತ್ತು ಸುತ್ತಾಗಿ ಹೊಲಿದದ್ದು. ಹೊರಗಿನ ಸುತ್ತಿಗೆ ತಾಯಿಯ ಹಳೆಯ ಸೀರೆಯ ತುಂಡು ಹಾಕಿದ್ದಾರೆ. ನಡುವೆ ಅಂಗೈಯಷ್ಟು ಜಾಗ ತೆರೆದೇ ಇದೆ. ಯಾರಿಗಾದರೂ ಚುಚ್ಚೀತೆಂದು ಸೂಜಿ ತೆಗೆದು, ದಾರವನ್ನಷ್ಟೇ ಉದ್ದಕ್ಕೆ ಬಿಟ್ಟಿದ್ದಾರೆ.

“ಕಾಕಿ, ಇದು ಅರ್ಧಾ ಐತಲ್ಲ. ಬೈತಾರ ಅವರು.”

“ಬೈಲಿ. ಒಗ್ಯಾಕ ಹಾಕೂ ಅರಿವ್ಯಾಗ ಇಟ್ಟು ಬಾ.”

ಟೆಂಪೋ ತಿರುವಿನಲ್ಲಿ ಮರೆಯಾಗುವವರೆಗೂ ಅವರು ಬಾಗಿಲಲ್ಲೇ ನಿಲ್ಲುತ್ತಾರೆ. ಹುಬ್ಬಿನ ಮೇಲಿನ ಕೆಂಪು ಪುಡಿ ಒರೆಸಿಕೊಳ್ಳುವುದು ಮರೆತುಹೋಗಿದೆ. ಸತ್ತವರ ಹಬ್ಬ ಹತ್ತಿರ ಬಂದಿದೆ. ಈ ವರ್ಷದ ಸುತ್ತು?

“ಈ ವರ್ಷ ಹೊಲಿಯೂದಿಲ್ರಿ. ಹುಳ ಹತ್ತಿದ್ರ ಹತ್ತಲಿ” ಎನ್ನುತ್ತಾರೆ ಅಗ್ನೆಸ್. ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟು, ಅಕ್ಕಿ ತೊಳೆಯಲು ಕೂರುತ್ತಾರೆ. “ಆಕಿ ಬರಲಿ. ಮೊದಲ ಆಕಿ ಉಣ್ಣಲಿ. ಕೌದಿ ಹೊಟ್ಟಿ ಆಮ್ಯಾಲ ತುಂಬಿಸಿದ್ರಾತು.”