ಎಡ ಮೊಣಕಾಲಿನ ಅಭ್ಯರ್ಥಿ

ಬೆಂಗಳೂರಿಗೆ ಬಂದ ಮೊದಲ ಸಂಜೆ ಮನೆ ಮಾಲೀಕರು ಮೆಟ್ಟಿಲು ಹತ್ತಿ ಬಂದು, ಬಾಗಿಲು ತಟ್ಟಿ, ಬಹಳ ಮರ್ಯಾದೆಯಿಂದ ಕೇಳಿದರು: "ಏನ್ ಸ್ವಾಮಿ, ಗೋಡೆ ಏನಾದ್ರೂ ಒಡೀತಿದೀರಾ?"

ಒಳಗೆ ನನ್ನ ಹೆಂಡತಿ ಶಾಂತಾ ರೊಟ್ಟಿ ಬಡಿಯುತ್ತಿದ್ದಳು.

ನಮ್ಮ ಗುಳೇದಗುಡ್ಡದಲ್ಲಿ ಸಂಜೆ ಒಂದು ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳದಿದ್ದರೆ, ಯಾರಿಗೆ ಏನಾಗಿದೆಯೋ ಎಂದು ನೆರೆಯವರು ಬಂದು ನೋಡುತ್ತಾರೆ. ಇಲ್ಲಿ ಚಾಮರಾಜಪೇಟೆಯಲ್ಲಿ ಸಪ್ಪಳ ಕೇಳಿದ್ದಕ್ಕೆ ಬಂದರು. ನಾನು ಮಾಲೀಕರನ್ನು ಅಡುಗೆಮನೆಯವರೆಗೆ ಕರೆದೊಯ್ದು ಸ್ಥಳ ಪರಿಶೀಲನೆ ಮಾಡಿಸಿದೆ. ನಂಜುಂಡಯ್ಯ ಎಂಬ ಆ ನಿವೃತ್ತ ಮೇಷ್ಟರು ಗೋಡೆ ನೋಡಿದರು, ಹಂಚು ನೋಡಿದರು, ಕೊನೆಗೆ ಒಂದು ರೊಟ್ಟಿಯನ್ನು ಸಾಕ್ಷ್ಯವೆಂಬಂತೆ ಕೈಯಲ್ಲಿ ಹಿಡಿದು ಕೆಳಗಿಳಿದರು. ಮರುದಿನ ಗೋಡೆಯ ಬಗ್ಗೆ ಏನೂ ಹೇಳಲಿಲ್ಲ. "ಅದ್ರ ಜೊತೆ ಏನೋ ಒಂದು ಪುಡಿ ಇರುತ್ತಂತಲ್ಲ?" ಎಂದು ಮಾತ್ರ ಕೇಳಿದರು. ಶೇಂಗಾ ಚಟ್ನಿಪುಡಿಯ ಕೀರ್ತಿ ನಮಗಿಂತ ಮೊದಲೇ ಈ ಊರು ತಲುಪಿತ್ತು.

ನಾವು ಬಂದ ಕಾರಣ ಶಾಂತಾ. ಟೆಲಿಫೋನ್ ಇಲಾಖೆಯಲ್ಲಿ ಅವಳಿಗೆ ಬಡ್ತಿ ಸಿಕ್ಕಿತು, ಬಡ್ತಿಯ ಬಾಲಕ್ಕೆ ಬೆಂಗಳೂರು ಕಟ್ಟಿತ್ತು. ನಾನು ಊರಿನ ನಲವತ್ತು ಹಾಸಿಗೆಯ ಧರ್ಮಾರ್ಥ ದವಾಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮ್ಯಾನೇಜರ್ ಆಗಿದ್ದವನು. ಕಮಿಟಿಯವರು ದೊಡ್ಡ ಮನಸ್ಸು ಮಾಡಿ ಸಂಬಳವಿಲ್ಲದ ಒಂದು ವರ್ಷದ ರಜೆ ಕೊಟ್ಟರು. ವರ್ಷದೊಳಗೆ ನಾನು ತಿರುಗಿ ಹೋಗಬೇಕು, ಇಲ್ಲವೇ ಕುರ್ಚಿ ಬೇರೆಯವರಿಗೆ. ಹೀಗಾಗಿ ಆ ವರ್ಷ ನನ್ನ ಮುಂದಿದ್ದ ಪ್ರಶ್ನೆ ಸರಳವಾಗಿತ್ತು: ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ಗಂಡ ಹೆಂಡತಿ ಒಂದೂರಲ್ಲಿ ಇರುತ್ತೇವೆ. ಸಿಗದಿದ್ದರೆ ನಾನು ಗುಳೇದಗುಡ್ಡದಲ್ಲಿ, ಅವಳು ಚಾಮರಾಜಪೇಟೆಯಲ್ಲಿ, ನಡುವೆ ಒಂದು ರಾತ್ರಿಯ ಬಸ್ಸು.

ಕೆಲಸವಿಲ್ಲದ ಗಂಡಸು ಬೆಂಗಳೂರಿನಲ್ಲಿ ಹಗಲು ಹೊತ್ತು ಕಳೆಯುವುದು ಒಂದು ವಿದ್ಯೆ. ನಾನು ಅದನ್ನು ಕ್ರಮಬದ್ಧವಾಗಿ ಕಲಿತೆ. ಬೆಳಿಗ್ಗೆ ಶಾಂತಾಳನ್ನು ಬಸ್ಸು ಹತ್ತಿಸಿ, ಹೋಟೆಲಿನಲ್ಲಿ ನಿಂತು ಬೈಟು ಕಾಫಿ ಕುಡಿಯುವುದು. ಬೈಟು ಎಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವ ಇಲ್ಲಿಯ ಪದ್ಧತಿ. ನಮ್ಮ ಕಡೆ ಅತಿಥಿಗೆ ಅರ್ಧ ಕಪ್ ಚಹಾ ಕೊಟ್ಟರೆ ಬೀಗತನ ಮುರಿದೀತು. ಇಲ್ಲಿ ಅರ್ಧ ಕಾಫಿಯ ಮೇಲೆಯೇ ಸ್ನೇಹ ನಿಂತಿರುತ್ತದೆ. ಜೊತೆಗೆ ನಂಜುಂಡಯ್ಯನವರು. ಅವರ ಕುಶಲಪ್ರಶ್ನೆಗೆ ಒಂದೇ ಕ್ರಿಯಾಪದ: "ಸ್ನಾನ ಆಯ್ತಾ? ತಿಂಡಿ ಆಯ್ತಾ? ಕೆಲ್ಸ ಆಯ್ತಾ?" ಮೊದಲೆರಡಕ್ಕೆ ನಾನು ದಿನವೂ ತಲೆಯೆತ್ತಿ ಉತ್ತರ ಕೊಡುತ್ತಿದ್ದೆ.

ರಜೆಯಲ್ಲಿ ಇನ್ನು ಎರಡು ತಿಂಗಳು ಉಳಿದಿದ್ದಾಗ ಪೇಪರಿನಲ್ಲಿ ಜಾಹೀರಾತು ಬಂತು. ಬಸವನಗುಡಿಯ ಒಂದು ಟ್ರಸ್ಟಿನ ಆಸ್ಪತ್ರೆಗೆ ಆಡಳಿತಾಧಿಕಾರಿ ಬೇಕು, ಅನುಭವಸ್ಥರಿಗೆ ಆದ್ಯತೆ. ಅರ್ಜಿಯನ್ನು ಕೈಯಲ್ಲಿ ಬರೆದುಕೊಂಡು ಟೈಪಿಂಗ್ ಅಂಗಡಿಗೆ ಹೋದೆ. ಅಂಗಡಿಯಾತ ಓದಿ, ಬೆರಳು ಕೀಲಿಗಳ ಮೇಲಿಟ್ಟು, ಮತ್ತೆ ತೆಗೆದ.

"ಸಾರ್, ಇಪ್ಪತ್ತೆರಡು ವರ್ಷದ ಸರ್ವೀಸ್‌ಗೆ ಎರಡೇ ಲೈನಾ? 'ಒಪ್ಪಿಸಿದ ಕೆಲಸ ಮಾಡಿದ್ದೇನೆ' ಅಂತ ಬರೆದಿದೀರ."

"ಮತ್ತೇನ್ ಬರೀಬೇಕ್ರೀ? ಅಷ್ಟ ಮಾಡೀನಿ."

"ನಿಮ್ಮಿಂದಾನೇ ಆಸ್ಪತ್ರೆ ನಡೀತು ಅಂತ ಬರೀಬೇಕು ಸಾರ್. ಎಲ್ರೂ ಹಂಗೇ ಬರೆಸ್ತಾರೆ."

ನಮ್ಮಲ್ಲಿ ಮನುಷ್ಯನ ಬಗ್ಗೆ ಒಳ್ಳೆಯ ಮಾತು ಆಡಲು ಬೇರೆಯವರಿರುತ್ತಾರೆ, ಸಾಮಾನ್ಯವಾಗಿ ಅವನು ತೀರಿಕೊಂಡ ಮೇಲೆ. ಇಲ್ಲಿ ಬದುಕಿರುವಾಗಲೇ ತಾನೇ ಆಡಿಕೊಳ್ಳಬೇಕು, ಮೂರು ಪ್ರತಿಗಳಲ್ಲಿ. ಕೊನೆಗೆ ನನ್ನ ಎರಡು ಸಾಲನ್ನು ಅವನು ಒಂದೂವರೆ ಪುಟ ಮಾಡಿದ. ಅದನ್ನು ಓದಿ, ಇಂಥವನೊಬ್ಬ ನಮ್ಮ ದವಾಖಾನೆಯಲ್ಲಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಕರೆ ಬಂತು. ಶುಕ್ರವಾರ ಹತ್ತೂವರೆಗೆ ಮೂಲ ಪ್ರಮಾಣಪತ್ರಗಳೊಡನೆ ಹಾಜರಾಗಬೇಕು.

ಇಲ್ಲಿ ದವಾಖಾನೆಯವರ ಒಂದು ಗುಟ್ಟು ಹೇಳಬೇಕು. ನಮ್ಮ ಮನೆಗಳಲ್ಲಿ ಮುಖ್ಯವಾದ ಕಾಗದವೆಲ್ಲ ಎಕ್ಸ್‌ರೇ ಕವರಿನಲ್ಲಿರುತ್ತದೆ. ದಪ್ಪ, ದೊಡ್ಡದು, ಏನಿಟ್ಟರೂ ಮಡಚಬೇಕಾಗಿಲ್ಲ. ಮನೆಪತ್ರ, ಜಾತಕ, ಮದುವೆಯ ಫೋಟೊ ಎಲ್ಲಕ್ಕೂ ಅದೇ. ನನ್ನ ಪ್ರಮಾಣಪತ್ರಗಳಿದ್ದ ಕವರಿನ ಮೇಲೆ ರೋಗಿಯ ಹೆಸರಿನ ಜಾಗ ಖಾಲಿಯಿತ್ತು. ಕೆಳಗೆ ಮಾತ್ರ ನಮ್ಮ ಎಕ್ಸ್‌ರೇ ಮಾಡುವಾತ ನೀಲಿ ಪೆನ್ಸಿಲ್ಲಿನಿಂದ ದಪ್ಪಗೆ "ಎಡ ಮೊಣಕಾಲು" ಎಂದು ಬರೆದಿದ್ದ. ಇಪ್ಪತ್ತು ವರ್ಷದಿಂದ ನೋಡಿ ನೋಡಿ ಅದು ನನ್ನ ಕಣ್ಣಿಗೆ ಬೀಳುವುದೇ ನಿಂತಿತ್ತು.

ಒಂಬತ್ತಕ್ಕೇ ಆಸ್ಪತ್ರೆ ಮುಟ್ಟಿದೆ. ಬಾಗಿಲಲ್ಲಿದ್ದವನು ಕವರು ನೋಡಿ ಕೌಂಟರಿನ ಕಡೆ ಕೈ ತೋರಿಸಿದ. ಅಲ್ಲಿ ಸಾಲಿತ್ತು, ನಿಂತೆ. ದವಾಖಾನೆಯ ಸಾಲು ಮುರಿಯುವವರನ್ನು ನಾನು ಎರಡು ದಶಕ ಬೈದವನು.

"ಹತ್ತೂವರಿಗೆ ಬಾ ಅಂದಾರ್ರೀ," ಎಂದೆ ಕೌಂಟರಿನ ಹೆಂಗಸಿಗೆ. ಅವರ ಹೆಸರು ವನಜಾಕ್ಷಿ ಎಂದು ಎದೆಯ ಮೇಲಿನ ಪಟ್ಟಿ ಹೇಳುತ್ತಿತ್ತು.

"ಹೆಸ್ರು? ವಯಸ್ಸು? ಊರು?"

"ಗುರುಪಾದಪ್ಪ. ನಲವತ್ತೆಂಟು. ಗುಳೇದಗುಡ್ಡ."

ಅವರು ಕವರಿನ ಮೇಲೊಮ್ಮೆ ಕಣ್ಣು ಹಾಯಿಸಿ, ಚೀಟಿ ಬರೆದು, "ಎರಡ್ನೇ ಮಹಡಿ, ಏಳನೇ ನಂಬರ್" ಎಂದರು.

ಸಂದರ್ಶನಕ್ಕೆ ಬಂದವನಿಗೂ ಚೀಟಿ, ನಂಬರು. ಪಟ್ಟಣದ ವ್ಯವಸ್ಥೆ ಎಂದರೆ ಇದು ಎಂದು ಮನಸ್ಸಿನಲ್ಲೇ ಕೈಮುಗಿದೆ. ಲಿಫ್ಟಿಲ್ಲದ ಹಳೆಯ ಕಟ್ಟಡ. ಮೆಟ್ಟಿಲು ಎಣಿಸುತ್ತ ಹತ್ತಿದೆ, ನಲವತ್ತನಾಲ್ಕು. ಮೇಲೆ ಉದ್ದನೆಯ ಬೆಂಚಿನ ತುಂಬ ಜನ. ಹೆಚ್ಚಿನವರು ನನಗಿಂತ ಹಿರಿಯರು, ಎಲ್ಲರ ಕೈಯಲ್ಲೂ ಎಕ್ಸ್‌ರೇ ಕವರು. ಅನುಭವಸ್ಥರಿಗೆ ಆದ್ಯತೆ ಅಂದಿದ್ದರಲ್ಲ, ಎಲ್ಲ ನಮ್ಮ ಕಸುಬಿನವರೇ ಬಂದಿದ್ದಾರೆ ಎಂದು ಸಮಾಧಾನವೂ ಆಯಿತು, ಪೈಪೋಟಿ ಜೋರಿದೆ ಎಂದು ಅಳುಕೂ ಹುಟ್ಟಿತು.

ಪಕ್ಕದಲ್ಲಿದ್ದ ಅಜ್ಜಿ ನನ್ನ ಕಡೆ ತಿರುಗಿದರು. "ನಿಮ್ದು ಯಾವ ಕಾಲಪ್ಪ?"

ಆಗ ನನ್ನ ಕವರನ್ನು ನಾನೇ ಓದಿದೆ.

ಎದ್ದು ಹೋಗಬೇಕಿತ್ತು. ಗಡಿಯಾರದಲ್ಲಿ ಇನ್ನೂ ಒಂಬತ್ತೂ ಮುಕ್ಕಾಲು. ಅಜ್ಜಿಗೆ ಮಾತು ಬೇಕಾಗಿತ್ತು. "ನಂದು ಎರಡೂ. ವೈಯಾಲಿಕಾವಲ್ನಿಂದ ಎರಡು ಬಸ್ ಬದಲಾಯಿಸಿ ಬರ್ತೀನಿ. ಬಸ್ಸಾದ್ರೂ ಪರ್ವಾಗಿಲ್ಲ. ಮೆಟ್ಲು ಹತ್ಬೇಡಿ ಅಂತ ಹೇಳೋಕೆ ಈ ಡಾಕ್ಟ್ರು ನನ್ನ ತಿಂಗಳಿಗೊಂದ್ಸಲ ಇಷ್ಟು ಮೇಲೆ ಹತ್ತಿಸ್ತಾರೆ, ನೋಡಿ."

ನಾನು ಬೆಂಚಿನುದ್ದಕ್ಕೂ ನೋಡಿದೆ. ಇಪ್ಪತ್ತೆರಡು ವರ್ಷ ದವಾಖಾನೆ ನಡೆಸಿದವನು, ಬೆಂಚಿನ ಈ ಕಡೆ ಒಂದು ದಿನವೂ ಕೂತಿರಲಿಲ್ಲ. ಹಾಗೆ ಯೋಚಿಸುತ್ತಿರುವಾಗಲೇ ನರ್ಸು ನನ್ನ ಹೆಸರು ಕೂಗಿ, ತೋಳು ಹಿಡಿದು ಎಬ್ಬಿಸಿ, ಒಳಗೆ ಬಿಟ್ಟಳು. ಡಾಕ್ಟರು ಚಿಕ್ಕ ವಯಸ್ಸಿನವರು. ತಲೆಯೆತ್ತದೆ ಕೈ ಚಾಚಿ ಕವರು ತೆಗೆದುಕೊಂಡು, ಒಳಗಿನ ಹಾಳೆಯನ್ನು ಎಳೆದು, ಅಭ್ಯಾಸಬಲದಿಂದ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಬೆಳಕಿನಲ್ಲಿ ನನ್ನ ಪದವಿ ಪ್ರಮಾಣಪತ್ರ ಮೊದಲ ಬಾರಿಗೆ ಪ್ರಕಾಶಿಸಿತು.

"ಇದು ಬಿ.ಕಾಂ. ಅಲ್ವಾ?" ಎಂದರು.

"ಹೌದ್ರೀ. ಸೆಕೆಂಡ್ ಕ್ಲಾಸ್."

ವಿಷಯ ಹೇಳಿದೆ. ಅವರು ನಗು ತಡೆದು, "ಇಂಟರ್‌ವ್ಯೂ ಕೆಳಗೆ, ಟ್ರಸ್ಟ್ ಆಫೀಸಲ್ಲಿ. ಹೋಗಿ ಸಾರ್, ಲೇಟಾಗುತ್ತೆ" ಎಂದರು. ನಾನು ಬಾಗಿಲು ಮುಟ್ಟುವಷ್ಟರಲ್ಲಿ ಮತ್ತೆ ಕರೆದರು. "ಒಂದ್ನಿಮಿಷ. ನೀವು ಎಡಗಾಲು ನಿಜವಾಗ್ಲೂ ಸ್ವಲ್ಪ ಎಳೀತಿದೀರ. ಎರಡು ವಾರ ಬಿಟ್ಟು ಬನ್ನಿ." ಚೀಟಿಯ ಮೇಲೆ ಹಾಗೆಂದೇ ಬರೆದೂ ಕೊಟ್ಟರು.

ಟ್ರಸ್ಟ್ ಆಫೀಸಿನಲ್ಲಿ ಇಬ್ಬರು ಇದ್ದರು. ಅಧ್ಯಕ್ಷರು ಎಂಬತ್ತರ ಹತ್ತಿರದ ನಿವೃತ್ತ ಸರ್ಜನ್, ಗರಿ ಗರಿ ಬಿಳಿ ಅಂಗಿ. ಪಕ್ಕದಲ್ಲಿ ಕಾರ್ಯದರ್ಶಿ, ಟೈ ಕಟ್ಟಿದ ಆಡಿಟರು. ಹೊರಗೆ ಕೂತಿದ್ದ ಮೂವರು ನಿಜವಾದ ಅಭ್ಯರ್ಥಿಗಳ ಕೈಯಲ್ಲಿ ಚರ್ಮದ ಬ್ಯಾಗುಗಳಿದ್ದವು.

"ಎಂಬಿಎ ಇಲ್ಲ," ಎಂದರು ಕಾರ್ಯದರ್ಶಿ ನನ್ನ ಅರ್ಜಿ ನೋಡುತ್ತ. "ಮುಂದಿನ ವರ್ಷ ಕಂಪ್ಯೂಟರ್ ತರ್ತಿದೀವಿ. ಗೊತ್ತಿದೆಯಾ?"

"ನೋಡೀನ್ರೀ."

"ನೋಡಿದೀರ."

"ದೂರಿಂದ."

ಅಧ್ಯಕ್ಷರು ನನ್ನ ಅರ್ಜಿಯನ್ನೂ ನನ್ನನ್ನೂ ಹೋಲಿಸಿ ನೋಡಿದರು. "ಇದರಲ್ಲಿ ಬರೆದಿರೋ ಮನುಷ್ಯ ನೀವೇನಾ?"

"ಅಂವಾ ಟೈಪ್ ಮಾಡಿದವ ಬರದಾನ್ರೀ. ನಾ ಬರದದ್ದು ಎರಡು ಸಾಲು."

"ಸರಿ. ಈ ಆಸ್ಪತ್ರೆಗೆ ಬಂದ್ರೆ ಮೊದಲು ಏನು ಮಾಡ್ತೀರಿ?"

ಇದಕ್ಕೆ ನಂಜುಂಡಯ್ಯನವರು ನನಗೆ ಒಂದು ಉತ್ತರ ಬಾಯಿಪಾಠ ಮಾಡಿಸಿದ್ದರು. ಅದರಲ್ಲಿ 'ಸರ್ವತೋಮುಖ' ಎಂಬ ಮಾತು ಎರಡು ಸಲ ಬರುತ್ತಿತ್ತು. ಆದರೆ ಅಜ್ಜಿಯ ಎರಡು ಬಸ್ಸು ತಲೆಯಲ್ಲೇ ಓಡುತ್ತಿದ್ದವು. ಚೀಟಿಯನ್ನು ಮೇಜಿನ ಮೇಲಿಟ್ಟು, ಮೆಟ್ಟಿಲಿನ ಲೆಕ್ಕವನ್ನೂ ಸೇರಿಸಿ ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ, "ಮೊಣಕಾಲಿನ ರೂಮು ಕೆಳಗ ತರ್ತೀನ್ರೀ. ಕೆಳಗ ಬ್ಯಾರೆ ಜಾಗಾ ಇಲ್ಲ, ಈ ಆಫೀಸೊಂದ ಐತಿ. ಇದು ಮ್ಯಾಲೆ ಹೋಗಬೇಕಾಗ್ತೈತಿ" ಎಂದೆ.

ಕಾರ್ಯದರ್ಶಿ ಪೆನ್ನಿನ ಮುಚ್ಚಳ ಹಾಕಿದರು. ಸಂದರ್ಶನ ಮುಗಿಯಿತು ಎನ್ನುವುದಕ್ಕೆ ಎಲ್ಲ ಊರಿನಲ್ಲೂ ಒಂದೇ ಗುರುತು.

ಅಧ್ಯಕ್ಷರು ಎದ್ದರು, ಕೋಲು ತೆಗೆದುಕೊಂಡು ಹೊರಗೆ ಹೋದರು. ನಾವಿಬ್ಬರು ಕೂತೆವು. ಐದು ನಿಮಿಷ, ಹತ್ತು ನಿಮಿಷ. ಕಾರ್ಯದರ್ಶಿಯೂ ನಾನೂ ಪರಸ್ಪರ ಮುಖ ತಪ್ಪಿಸಿ ಗೋಡೆಯ ಕ್ಯಾಲೆಂಡರನ್ನು ಶ್ರದ್ಧೆಯಿಂದ ಓದಿದೆವು. ಕಾಲು ಗಂಟೆಯ ಮೇಲೆ ಅಧ್ಯಕ್ಷರು ಬಂದು, ಕುರ್ಚಿಗೆ ಒರಗಿ, ಉಸಿರು ಹಿಡಿದುಕೊಂಡರು.

"ನಲವತ್ತನಾಲ್ಕು ಅಂದ್ರಲ್ಲ? ನಲವತ್ತಾರು."

"ನಡುವ ಎರಡು ಸಲ ನಿಂತಿದ್ದೆ, ಲೆಕ್ಕ ತಪ್ಪಿರಬೇಕ್ರೀ."

"ನಾನು ನಾಲ್ಕು ಸಲ ನಿಂತೆ," ಎಂದರು. "ಹದಿನೈದು ವರ್ಷದಿಂದ ನಾನು ಮೇಲೆ ಹೋಗೇ ಇಲ್ಲ ಅಂತ ಇವತ್ತು ಗೊತ್ತಾಯ್ತು. ನೀವು ಹೋಗ್ಬನ್ನಿ. ತಿಳಿಸ್ತೀವಿ."

'ತಿಳಿಸ್ತೀವಿ' ಎಂಬ ಮಾತಿಗೆ ಬೆಂಗಳೂರಿನಲ್ಲಿ ಬಹುಮಟ್ಟಿಗೆ 'ಇಲ್ಲ' ಎಂದು ಅರ್ಥ ಎಂದು ನಂಜುಂಡಯ್ಯನವರು ವಿವರಿಸಿದರು. ನಮ್ಮ ಕಡೆ ಇಲ್ಲ ಎನ್ನುವುದನ್ನು ಇಲ್ಲ ಎಂದೇ ಹೇಳುತ್ತಾರೆ, ಮೇಲೆ ಊಟ ಮಾಡಿಸಿ ಕಳಿಸುತ್ತಾರೆ. ಅವತ್ತು ಊಟಕ್ಕೆ ಕೂತಾಗ ಶಾಂತಾ ಕೇಳಿದಳು.

"ಸಿಗಲಿಲ್ಲಂದ್ರ ಊರಿಗೆ ಹೋಗ್ತೀರೇನ್ರೀ?"

"ಶನಿವಾರಕ್ಕೊಮ್ಮೆ ಬರ್ತೀನಲ್ಲ."

"ಆಫೀಸು ಮ್ಯಾಲೆ ಹೋಗಬೇಕಂತ ಅಲ್ಲೇ ಹೇಳಬೇಕಾಗಿತ್ತೇನು? ಕೆಲಸ ಸಿಕ್ಕ ಮ್ಯಾಲೆ ಹೇಳಿದ್ರ ನಡೀತಿರಲಿಲ್ಲ?"

"ಕೇಳಿದ್ರು."

"ಕೇಳ್ತಾರ. ಇಷ್ಟು ವರ್ಷ ನಾ ಕೇಳಿದ್ದಕ್ಕೆಲ್ಲಾ ಹೇಳೀರೇನು?" ಎಂದು ಇನ್ನೊಂದು ರೊಟ್ಟಿ ಹಾಕಿದಳು. ಬೇಡವೆಂದರೂ ಮತ್ತೊಂದು ಹಾಕಿದಳು. ಸಿಟ್ಟು ಅವಳಿಗೆ ಬರುವುದು ಆ ಕ್ರಮದಲ್ಲಿ.

ಹನ್ನೆರಡು ದಿನ ಅಂಚೆಯವನ ಸೈಕಲ್ಲಿನ ಗಂಟೆಗೆ ನಾನೂ ನಂಜುಂಡಯ್ಯನವರೂ ಒಟ್ಟಿಗೇ ಗೇಟಿಗೆ ಹೋಗುತ್ತಿದ್ದೆವು. ಹದಿಮೂರನೆಯ ದಿನ ಲಕೋಟೆ ಬಂತು. ಅವರೇ ಒಡೆದು, ಮೇಷ್ಟರ ದನಿಯಲ್ಲಿ ಬೀದಿಗೆ ಕೇಳುವಂತೆ ಓದಿ, "ಆಯ್ತು" ಎಂದರು. ಹತ್ತು ಹನ್ನೊಂದು ತಿಂಗಳ ಅವರ ಮೂರನೆಯ ಪ್ರಶ್ನೆಗೆ ಕೊನೆಗೂ ಅವರೇ ಉತ್ತರ ಹೇಳಬೇಕಾಯಿತು. ಸಂಜೆ ಶಾಂತಾ ಕಾಗದವನ್ನು ಎರಡು ಸಲ ಓದಿ, ಹೋಗಿ ಹಿಟ್ಟು ಕಲಸಿದಳು. ಅವತ್ತಿನ ಬಡಿತಕ್ಕೆ ಗೋಡೆ ನಿಜವಾಗಿಯೂ ನಡುಗಿತು. ಕೆಳಗಿನಿಂದ ಯಾರೂ ಬಂದು ಕೇಳಲಿಲ್ಲ.

ಊರಿನ ಕಮಿಟಿಗೆ ರಾಜೀನಾಮೆ ಬರೆಯಲು ಮಾತ್ರ ಒಂದು ವಾರ ಹಿಡಿಯಿತು. ಅದೂ ಎರಡೇ ಸಾಲು. ಅದನ್ನು ಟೈಪಿಂಗ್ ಅಂಗಡಿಗೆ ಒಯ್ಯಲಿಲ್ಲ. ಅವನು ಅದನ್ನೂ ಹಿಗ್ಗಿಸಿಬಿಟ್ಟರೆ ನನ್ನಿಂದ ಸಹಿ ಹಾಕಲಾಗುತ್ತಿರಲಿಲ್ಲ.

ಇದೆಲ್ಲ ನಡೆದು ಈಗ ಆರು ವರ್ಷ. ಮೊಣಕಾಲಿನ ರೂಮು ಕೆಳಗಿದೆ, ನನ್ನನ್ನು ಸಂದರ್ಶಿಸಿದ ಅದೇ ಕೋಣೆಯಲ್ಲಿ. ಟ್ರಸ್ಟಿನ ಆಫೀಸು ಎರಡನೇ ಮಹಡಿಗೆ ಹೋದ ಮೇಲೆ ಸಭೆಗಳು ಕಡಿಮೆಯಾಗಿವೆ, ಆಸ್ಪತ್ರೆ ಸುಧಾರಿಸಿದೆ. ಕಂಪ್ಯೂಟರನ್ನು ಈಗ ಹತ್ತಿರದಿಂದ ನೋಡುತ್ತೇನೆ. ಸಾರಿಗೆ ಬೆಲ್ಲ ಯಾಕೆ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಊರಿಗೆ ಹೋದರೆ ಮೂರನೆಯ ದಿನ ಬಾಯಿ ಕಾಫಿ ಕೇಳುತ್ತದೆ, ಅದೂ ಅರ್ಧ. ಅಲ್ಲಿಯವರು "ಬೆಂಗಳೂರಿನವರು ಬಂದ್ರು" ಅನ್ನುತ್ತಾರೆ, ಇಲ್ಲಿಯವರು ನಾನು ಬಾಯಿ ತೆರೆದ ಕೂಡಲೇ "ಸಾರ್, ಆ ಕಡೆಯವರಾ?" ಅನ್ನುತ್ತಾರೆ. ಎರಡಕ್ಕೂ ಹೌದು ಎನ್ನುತ್ತೇನೆ, ತೊಂದರೆಯಿಲ್ಲ.

ಹಳೆಯ ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಮೊನ್ನೆ ಮುಗಿಯುತ್ತ ಬಂತು. ವನಜಾಕ್ಷಿ ಒಂದು ಹಳೆಯ ಚೀಟಿ ಹಿಡಿದು ನನ್ನ ಕೋಣೆಗೆ ಬಂದರು.

"ಸಾರ್, ಇದು ನಿಮ್ದೇ. ಎರಡು ವಾರ ಬಿಟ್ಟು ಬನ್ನಿ ಅಂದಿದ್ರು, ಬಂದೇ ಇಲ್ಲ. ಕ್ಲೋಸ್ ಮಾಡ್ಲಾ? ಇಲ್ಲಾಂದ್ರೆ ಊರು ಗುಳೇದಗುಡ್ಡ ಅಂತಿದೆ, ಚಾಮರಾಜಪೇಟೆ ಅಂತ ತಿದ್ಲಾ?"

ಸಿಬ್ಬಂದಿಯ ಪುಸ್ತಕದಲ್ಲಿ ನನ್ನ ವಿಳಾಸ ಚಾಮರಾಜಪೇಟೆ ಎಂದೇ ಇದೆ, ನಾನೇ ಬರೆದದ್ದು. ಅವತ್ತು ಟ್ರಸ್ಟಿನ ಮೇಜಿನ ಮೇಲೆ ಬಿಟ್ಟುಬಂದಿದ್ದ ಚೀಟಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಈ ನಡುವೆ ಎಡಗಾಲು ಸಂಜೆ ಹೊತ್ತಿಗೆ ನಿಜವಾಗಿಯೂ ನೋಯುತ್ತದೆ.

"ತಿದ್ದಬ್ಯಾಡ್ರೀ, ಮುಚ್ಚೂದೂ ಬ್ಯಾಡ," ಎಂದೆ. "ಆ ಮನುಷ್ಯ ಇನ್ನೂ ಬರೂದೈತಿ."