ಜೋಗಿಮಟ್ಟಿಯಲ್ಲಿ ಹೆಜ್ಜೇನು ಎದ್ದ ದಿನ

ಹೊಳಲ್ಕೆರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ನನಗೆ ಉಪಯುಕ್ತತಾವಾದ ತೀರ ಸಲೀಸಾದ ಪಾಠವಾಗಿತ್ತು. ಒಂದು ಕೆಲಸ ಸರಿಯೋ ತಪ್ಪೋ ಎಂಬುದು ಅದರ ಫಲದಿಂದ ತೀರ್ಮಾನವಾಗುತ್ತದೆ. ಅದರಿಂದ ಎಷ್ಟು ಸುಖ ಹುಟ್ಟಿತು, ಎಷ್ಟು ನೋವು ಹುಟ್ಟಿತು, ಎಷ್ಟು ತೀವ್ರವಾಗಿ, ಎಷ್ಟು ಹೊತ್ತು, ಎಷ್ಟು ಜನರಿಗೆ ಎಂದು ನೋಡಬೇಕು. ನೋಡುವಾಗ ನಮ್ಮವರು, ಪರರು ಎನ್ನದೆ ಪ್ರತಿಯೊಬ್ಬರನ್ನೂ ಒಬ್ಬರೆಂದೇ ಎಣಿಸಬೇಕು. ಇಷ್ಟು ಹೇಳಿ, ನಾಲ್ಕು ಉದಾಹರಣೆ ಕೊಟ್ಟರೆ ತರಗತಿ ಮುಗಿಯುತ್ತಿತ್ತು.

ಒಂದು ವರ್ಷ ಕೊನೆಯ ತರಗತಿಯ ಹನ್ನೊಂದು ಹುಡುಗಿಯರನ್ನು ಕರೆದುಕೊಂಡು ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಬೆಟ್ಟಕ್ಕೆ ಹೋದೆ. ವ್ಯಾನನ್ನು ಕೆಳಗೆ ಬಿಟ್ಟು ನಡೆದೆವು. ಬುತ್ತಿ ಹುಡುಗಿಯರ ಕೈಯಲ್ಲಿತ್ತು, ಊಟಕ್ಕೆ ಹಾಸುವ ಜಮಖಾನ ನನ್ನ ಹೆಗಲ ಮೇಲಿತ್ತು. ಮಳೆ ಬಂದರೆ ನಿಲ್ಲಲು ಎಂದೋ ಕಟ್ಟಿದ್ದ ಕಲ್ಲಿನ ಕೋಣೆಯೊಂದು ದಾರಿಯಲ್ಲಿ ಸಿಕ್ಕಿತು. ಅದಕ್ಕೆ ತಗಡಿನ ಬಾಗಿಲು, ಗಾಜು ಹಾಕಿದ ಪುಟ್ಟ ಕಿಟಕಿ. ಅದನ್ನು ದಾಟಿ ನೂರು ಹೆಜ್ಜೆ ಹೋಗಿರಬೇಕು, ಮೇಲಿನ ಬಂಡೆಯ ಕಡೆಯಿಂದ ಲಾರಿ ಇಳಿದು ಬರುವಂಥ ಸದ್ದು ಕೇಳಿಸಿತು. ತಲೆಯೆತ್ತಿದೆ. ಬಂಡೆಯ ಕೆಳಗೆ ತೂಗುತ್ತಿದ್ದ ಹೆಜ್ಜೇನು ಎದ್ದಿತ್ತು. ಯಾಕೆ ಎದ್ದಿತೋ ಇವತ್ತಿಗೂ ಗೊತ್ತಿಲ್ಲ.

ಓಡಿ ಎಂದು ಕೂಗಿದೆ. ಹುಡುಗಿಯರೆಲ್ಲ ನನಗಿಂತ ಮುಂಚೆಯೇ ಓಡಿ ಕೋಣೆ ಸೇರಿದರೆಂದುಕೊಂಡೆ. ನಾನು ಒಳಗೆ ಬಿದ್ದು ಬಾಗಿಲೆಳೆದು ಚಿಲಕ ಹಾಕಿದೆ. ಕುತ್ತಿಗೆಗೆ ಎರಡು ಕಚ್ಚಿದ್ದವು, ಕೆಂಡ ಇಟ್ಟ ಹಾಗೆ ಉರಿಯುತ್ತಿತ್ತು. ಆಗ ಯಾರೋ ಹೇಳಿದರು: "ಮೇಡಂ, ಒಬ್ಳು ಹೊರಗೇ ಉಳ್ಕಂಡವ್ಳೆ."

ಕಿಟಕಿಯಲ್ಲಿ ನೋಡಿದೆ. ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂರುತ್ತಿದ್ದ ಹೊಸದುರ್ಗದ ಕಡೆಯ ಹುಡುಗಿ. ಚಪ್ಪಲಿಯ ಉಂಗುಷ್ಟ ಕಿತ್ತು ಬಿದ್ದಿದ್ದಳು. ಮಂಡಿಯೂರಿ, ವೇಲಿನಲ್ಲಿ ಮುಖ ಮುಚ್ಚಿಕೊಂಡು, ಬಾಗಿಲಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತುಬಿಟ್ಟಿದ್ದಳು. ಅವಳ ಬೆನ್ನು ಕಪ್ಪಗಾಗುತ್ತಿತ್ತು.

ಒಬ್ಬಳು ಚಿಲಕಕ್ಕೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ. ಬಾಗಿಲು ತೆಗೆದರೆ ಹುಳ ಒಳಗೆ ನುಗ್ಗುತ್ತವೆ, ಹತ್ತು ಜನಕ್ಕೆ ಕಚ್ಚುತ್ತವೆ, ಅವಳೊಬ್ಬಳಿಗೋಸ್ಕರ ಇಷ್ಟು ಜನರ ಜೀವ ಅಪಾಯಕ್ಕೆ ಒಡ್ಡಲಾಗದು ಎಂದೆ. ಪಾಠ ಹೇಳುವ ದನಿಯಲ್ಲೇ ಹೇಳಿದೆನಂತೆ. ನಿಜ ಹೇಳಬೇಕೆಂದರೆ ಚಿಲಕ ಹಾಕಿದಾಗ ನಾನು ಯಾರನ್ನೂ ಎಣಿಸಿರಲಿಲ್ಲ. ಕೈ ತಾನಾಗಿ ಹಾಕಿತ್ತು. ಎಣಿಕೆ ಆಮೇಲೆ ಬಂತು, ಹೆದರಿಕೆಯ ಹಿಂದೆಯೇ, ಅದಕ್ಕೊಂದು ಮರ್ಯಾದೆಯ ಬಟ್ಟೆ ತೊಡಿಸಲು. ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತೆ. ತಗಡಿಗೆ ಹುಳ ಬಡಿಯುವ ಸದ್ದು ಮರಳು ಎರಚಿದಂತೆ ಕೇಳುತ್ತಿತ್ತು.

ಎಷ್ಟು ಹೊತ್ತಾಯಿತೋ, ಕೆಳಗಿನ ದಾರಿಯಿಂದ ಕುರಿ ಕಾಯುವವನೊಬ್ಬ ಬಂದ. ನಡುವಯಸ್ಸಿನ ಆಳು. ಹುಡುಗಿಯನ್ನು ನೋಡಿದ, ಹೆಗಲ ಮೇಲಿದ್ದ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ, ಬಗ್ಗಿ ಓಡಿಬಂದು ಅವಳನ್ನೂ ಅದರೊಳಗೆ ಸೇರಿಸಿಕೊಂಡ. ಬಾಗಿಲ ಕಡೆ ಬರದೆ ಇಬ್ಬರೂ ಕೆಳಗಿನ ಪೊದೆಯೊಳಗೆ ನುಸುಳಿ ಅಲುಗಾಡದೆ ಕೂತರು. ಹುಳಗಳು ಅಡಗಿದ ಮೇಲೆ ನಾವು ಒಬ್ಬೊಬ್ಬರಾಗಿ ಹೊರಗೆ ಬಂದೆವು.

ಅವನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಹುಡುಗಿಯನ್ನು ವ್ಯಾನಿಗೆ ಹತ್ತಿಸುವಾಗ, ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ.

"ಆಗ್ದೆ ಇರ್ತೈತೇನಮ್ಮಾ? ನಂಗೊಂದಿಪ್ಪತ್ತು ಕಚ್ಚಿದ್ರೆ ಆ ಕೂಸಿಗೆ ಇನ್ನೂರು ತಪ್ತವೆ ಅನ್ನಿಸ್ತು. ಹೋದೆ."

ಚಿತ್ರದುರ್ಗದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಹುಡುಗಿಯ ಉಸಿರು ಎಳೆಯುತ್ತಿತ್ತು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರತಿ ಉಸಿರಿಗೂ ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆ. ಆಗಲೇ ಆ ಮನುಷ್ಯನ ಮಾತು ಒಳಗಿಳಿದದ್ದು. ಅವನೂ ಎಣಿಸಿದ್ದ. ನಾನು ವರ್ಷವರ್ಷ ಕಲಿಸಿದ್ದೂ ಅದನ್ನೇ. ಆದರೆ ಅವನು ತನ್ನ ನೋವನ್ನೂ ಹುಡುಗಿಯ ನೋವನ್ನೂ ಒಂದೇ ತಕ್ಕಡಿಯಲ್ಲಿಟ್ಟಿದ್ದ. ನಾನು ಒಳಗಿನ ಹತ್ತು ಜನರನ್ನು ಎಣಿಸಿದೆ, ಹೊರಗಿನ ಒಬ್ಬಳನ್ನು ಎಣಿಸಿದೆ, ನನ್ನನ್ನು ಮಾತ್ರ ಬಿಟ್ಟೆ. ಬಾಗಿಲನ್ನು ಗೇಣಗಲ ತೆರೆದು ನಾನೊಬ್ಬಳೇ ಹೊರಗೆ ಜಾರಬಹುದಿತ್ತು. ಅಂಥದ್ದೊಂದು ದಾರಿ ಇದೆಯೆಂದು ತಲೆಗೇ ಹೊಳೆಯಲಿಲ್ಲ, ಅಥವಾ ಹೊಳೆಯಲು ನಾನು ಬಿಡಲಿಲ್ಲ.

ಪ್ರಾಣಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದು ಮಾರನೆಯ ದಿನ. ಅದರ ಮರುದಿನ ವಾರ್ಡಿಗೆ ಹೋದೆ. ಅವಳ ತಾಯಿ ಎದ್ದು ನಿಂತು, ಕುಂತ್ಕಳ್ರಿ ಮೇಡಂ, ನಿಮ್ಮಿಂದ ಉಳಿದ್ಲು ಎಂದು ಕೈ ಮುಗಿದರು. ತಾಯಿ ಕಾಫಿ ತರಲು ಹೋದಾಗ, ಬಾಗಿಲು ಹಾಕಿದ್ದು ನಾನೇ ಎಂದು ಹುಡುಗಿಗೆ ಹೇಳಿದೆ.

"ಗೊತ್ತು ಮೇಡಂ," ಎಂದಳು. ಊದಿದ ತುಟಿಯಿಂದ ಮಾತು ನಿಧಾನವಾಗಿ ಬರುತ್ತಿತ್ತು. "ಹಾಕಿದ್ದು ತಪ್ಪು ಅನ್ನಲ್ಲ. ಒಳಗಿದ್ದೋರ್ಗೂ ಕಚ್ಚಿದ್ರೆ ನಂಗೇನು ಕಮ್ಮಿ ಆಗ್ತಿತ್ತಾ? ಆದ್ರೆ ವೇಲಿನ ಸಂದ್ಯಾಗಿಂದ ನೋಡ್ದಾಗ ಕಿಟಕ್ಯಾಗೆ ನೀವು ಕಾಣ್ತಿದ್ರಿ. ಹೆಗಲ ಮ್ಯಾಲೆ ಜಮಖಾನ ಇತ್ತು."

ನಾನು ಅವಳ ತಾಯಿಗೂ ಅದೇ ದಿನ ನಿಜ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗಿ ತಿಂಗಳ ಮೇಲೆ ಕಾಲೇಜಿಗೆ ಬಂದಳು, ಪರೀಕ್ಷೆ ಬರೆದಳು, ಈಗ ಹಿರಿಯೂರಿನ ಶಾಲೆಯೊಂದರಲ್ಲಿ ಟೀಚರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ತಾನಾಗಿ ಬಂದು ಮಾತಾಡಿಸುತ್ತಾಳೆ, ಮಕ್ಕಳ ವಿಷಯ ಹೇಳುತ್ತಾಳೆ. ನನ್ನನ್ನು ಕ್ಷಮಿಸಿದ್ದೀಯಾ ಎಂದು ಒಮ್ಮೆಯೂ ಕೇಳಿಲ್ಲ. ಕೇಳಲು ನನಗಿನ್ನೂ ಭಯ.