‘ಕೀಪ್’ ಎಂದಾಗ ನೆನಪಾಗುವ ಖಾಲಾ

ಅತನೂರಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ‘ಕೀಪ್’ ಎಂಬ ಕ್ರಿಯಾಪದದ ಮೇಲೆ ಮೊದಲಿನಿಂದಲೂ ಸಿಟ್ಟು. ಆಡು ಸಾಕಿದರೂ ಕೀಪ್, ಮಾತು ಉಳಿಸಿಕೊಂಡರೂ ಕೀಪ್, ರಂಜಾನಿನ ರೋಜಾ ಹಿಡಿದರೂ ಕೀಪ್. ಬಾಯಿ ಮುಚ್ಚಿಕೊಂಡು ಕೂತರೆ ಅದೂ ಕೀಪ್; ಇದನ್ನಂತೂ ನಾನು ಪಿರಿಯಡ್ಡಿಗೆ ಹತ್ತು ಸಲ ಹೇಳುತ್ತೇನೆ. ಹೋದ ವಾರ ಒಬ್ಬಳು ಎದ್ದು ನಿಂತು, “ಇಷ್ಟೆಲ್ಲಾ ಒಂದೇ ಶಬ್ದದಾಗ ಹ್ಯಾಂಗ ಹಿಡಿಸ್ತದರೀ ಟೀಚರ್?” ಎಂದು ಕೇಳಿದಳು. ನನಗೆ ಖಾಲಾ ನೆನಪಾದಳು.

ಖಾಲಾ ನಮ್ಮೂರು ಖಜೂರಿಯಲ್ಲಿ ಪಕ್ಕದ ಮನೆಯಾಕೆ. ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ; ಓಣಿಯೆಲ್ಲ ಹಾಗೇ ಕರೆಯುತ್ತಿತ್ತು. ದೀಪಾವಳಿ ಮುಗಿದ ಕೂಡಲೇ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರು ತಮ್ಮ ವಸ್ತುಗಳನ್ನು ಆಕೆಯ ಬಳಿ ಅಮಾನತ್ ಇಟ್ಟು ಹೋಗುತ್ತಿದ್ದರು. ಕೊಟ್ಟದ್ದನ್ನು ಕೊಟ್ಟ ಹಾಗೇ, ಕೇಳಿದ ಕೂಡಲೇ ಮರಳಿಸುವುದು ಅಮಾನತ್ತಿನ ನೇಮ. ನಾನು ಹತ್ತನೆಯ ತರಗತಿಗೆ ಬಂದ ವರ್ಷ ಅಪ್ಪ ಅವ್ವ ಒಂದು ಆಡನ್ನೂ ಒಂದು ಚೀಲ ಜೋಳವನ್ನೂ ನನ್ನನ್ನೂ ಆಕೆಯ ಬಳಿ ಬಿಟ್ಟು ಹೋದರು. ಜೋಳ ನನ್ನ ಊಟಕ್ಕೆ.

ಸಂಕ್ರಾಂತಿಗೆ ಇಬ್ಬರೂ ತಿರುಗಿ ಬಂದರು. ಅವ್ವನ ಕೈಗೆ ಕಬ್ಬಿನ ಕತ್ತಿ ಬಡಿದಿತ್ತು. ಹೊರೆ ಕಟ್ಟಲು ಇನ್ನೊಬ್ಬರು ಬೇಕು, ನನ್ನನ್ನು ಕರೆದೊಯ್ಯಲು ಬಂದಿದ್ದರು. ಹೋದರೆ ಪರೀಕ್ಷೆಗೆ ಎಳ್ಳುನೀರು ಬಿಟ್ಟಂತೆಯೇ. ಅಳು ಬಂತು. ಅವ್ವನ ಕೈ ನೋಡಿ ನುಂಗಿಕೊಂಡೆ.

ಖಾಲಾ ಆಡು ಬಿಚ್ಚಿ ತಂದಳು. ಹಿಂದೆಯೇ ಒಂದು ಮರಿ. “ಇಲ್ಲೇ ಈದದರಿ. ಮರೀನೂ ನಿಮ್ದೇ.” ಆಮೇಲೆ ಜೋಳದ ಚೀಲ ಎಳೆದು ತಂದಳು. ಬಾಯಿಯ ಹೊಲಿಗೆ ಬಿಚ್ಚಿರಲಿಲ್ಲ. ಮೇಲೆಲ್ಲ ನುಸಿ ಹರಿದಾಡುತ್ತಿತ್ತು.

“ಮತ್ತ ಪೋರಿಗೆ ಏನ್ ಉಣಿಸೀರಿ?” ಅವ್ವ ಕೇಳಿದಳು.

“ನಮ್ಮ ಮನ್ಯಾಗಿಂದು. ಅಮಾನತ್ ಮಾಲಿಗೆ ಕೈ ಹಚ್ಚಬಾರದ್ರಿ.”

ಅವ್ವನಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಆಗ ನಾನೇ ಬಾಯಿಬಿಟ್ಟೆ: ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲವೆಂದು, ನಾನು ಬಂದ ದಿನದಿಂದ ಆ ಮನೆಯಲ್ಲೂ ಮಾಂಸ ಬೇಯಿಸಿಲ್ಲ. ಆರು ಮಂದಿಯ ಮನೆ. ಯಾರೂ ಒಂದು ಮಾತು ಆಡಿರಲಿಲ್ಲ. ನಾನು ಅಂಥ ಮನಸ್ಸನ್ನು ಮತ್ತೆಲ್ಲೂ ಕಂಡಿಲ್ಲ.

ಅಪ್ಪ ಎದ್ದು, “ನಡಿ, ಅರಿಬಿ ಕಟ್ಕೋ” ಎಂದ.

ಖಾಲಾ ಬಾಗಿಲಿಗೆ ಅಡ್ಡ ನಿಂತಳು. “ಆಡು ಒಯ್ರಿ, ಜ್ವಾಳ ಒಯ್ರಿ. ಇಕೀನ್ನ ಮಾತ್ರ ಪರೀಕ್ಷಾ ಮುಗಿಯೂತನಾ ಕೊಡಂಗಿಲ್ರಿ.” ಯಾರ ವಸ್ತುವನ್ನೂ ಒಂದು ಗಳಿಗೆ ತಡೆದವಳಲ್ಲ ಆಕೆ.

ಅಪ್ಪ ಅವ್ವನ ಮುಖ ನೋಡಿದ. ಅವ್ವ ಚೀಲದ ಹೊಲಿಗೆ ಕಿತ್ತು, ಜೋಳವನ್ನು ಅಂಗಳದ ಬಿಸಿಲಿಗೆ ಹರವಿ, ಒಂದೇ ಕೈಯಲ್ಲಿ ಆಡಿಸುತ್ತ ಕೂತಳು. ಸಂಜೆ ನುಸಿ ಹೋದ ಮೇಲೆ ಮತ್ತೆ ತುಂಬಿ, ಖಾಲಾಳ ಒಲೆಯ ಪಕ್ಕಕ್ಕೆ ತಾನೇ ನೂಕಿದಳು.

“ಈಗರೆ ಇದನ್ನ ಉಣಸ್ರಿ” ಎಂದಳು.

ಮರುದಿನ ಮೊದಲ ಬಸ್ಸಿಗೆ, ಪಟ್ಟಿ ಕಟ್ಟಿದ ಕೈಯಲ್ಲೇ, ಅವ್ವ ಅಪ್ಪನ ಜೊತೆ ಕಬ್ಬು ಕಡಿಯಲು ಹೋದಳು.